ಜ್ವರದ ರಕ್ತ ಪರೀಕ್ಷೆ ರಿಪೋರ್ಟ್ ಓದುವುದು ಹೇಗೆ: ಪ್ಲೇಟ್‌ಲೆಟ್ ಒಂದನ್ನೇ ನೋಡಬೇಡಿ

ಈಗ ಲ್ಯಾಬ್ ರಿಪೋರ್ಟ್ ಡಾಕ್ಟರ ಕೈ ಸೇರುವ ಮೊದಲೇ ನಮ್ಮ ಫೋನಿಗೆ ಬರುತ್ತದೆ. ಮಳೆಗಾಲದಲ್ಲಿ ಮನೆಯವರಲ್ಲಿ ಯಾರಿಗಾದರೂ ಮೂರ್ನಾಲ್ಕು ದಿನ ಜ್ವರ ಬಿಡದಿದ್ದರೆ ಫ್ಯಾಮಿಲಿ ಗ್ರೂಪಿನಲ್ಲಿ ಆ ಪಿಡಿಎಫ್ ಬಂದು ಬೀಳುತ್ತದೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟಿದೆ?" ರಕ್ತ ಹೆಪ್ಪುಗಟ್ಟಿಸುವ ಈ ಕಣ ಒಂದು ಲಕ್ಷಕ್ಕಿಂತ ಕೆಳಗಿದ್ದರೆ ಗಾಬರಿ, ಮೇಲಿದ್ದರೆ ನಿರಾಳ. ಆ ಗಾಬರಿಯೂ ಆ ನಿರಾಳವೂ ಎಷ್ಟೋ ಸಲ ಸುಳ್ಳಾಗುತ್ತವೆ.

ಅದೇ ಹಾಳೆಯಲ್ಲಿ ಕಾಯಿಲೆ ಯಾವ ಕಡೆ ತಿರುಗುತ್ತಿದೆ ಎಂದು ಹೇಳುವ ಬೇರೆ ಸಾಲುಗಳೂ ಇರುತ್ತವೆ. ವೈರಸ್ ವಿರುದ್ಧ ದೇಹದ ರೋಗನಿರೋಧಕ ಶಕ್ತಿ ಹೇಗೆ ಕೆಲಸ ಮಾಡುತ್ತಿದೆ, ಅತಿಯಾಗಿ ಮಾಡುತ್ತಿದೆಯಾ ಎನ್ನುವ ಸುಳಿವು ಅಲ್ಲಿರುತ್ತದೆ. ಅವುಗಳನ್ನು ಯಾವ ಕ್ರಮದಲ್ಲಿ ನೋಡಬೇಕು ಎನ್ನುವುದಕ್ಕೆ ಈ ಬರಹ. ನಮ್ಮಲ್ಲಿ ಜಾಸ್ತಿ ಕಾಡುವುದು ಡೆಂಗಿ, ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಕೋವಿಡ್ ಮತ್ತು ಮಂಗನ ಕಾಯಿಲೆಯ ಮಾತೂ ಇದೆ. ಇದನ್ನು ಓದಿ ಮನೆಯಲ್ಲೇ ಔಷಧಿ ಶುರು ಮಾಡಬೇಡಿ. ಯಾವಾಗ ಆಸ್ಪತ್ರೆಗೆ ಹೊರಡಬೇಕು, ಹೋದಾಗ ಏನು ಕೇಳಬೇಕು ಎಂದು ಗೊತ್ತಾದರೆ ಸಾಕು.

1. ಮೊದಲು ಜ್ವರದ ದಿನ ಬರೆಯಿರಿ

ರಿಪೋರ್ಟಿನ ಮೇಲೆ ರಕ್ತ ತೆಗೆದ ತಾರೀಖು ಇರುತ್ತದೆ. ಜ್ವರ ಶುರುವಾಗಿ ಅದು ಎಷ್ಟನೇ ದಿನ ಎನ್ನುವುದು ಇರುವುದಿಲ್ಲ. ಪೆನ್ ತೆಗೆದುಕೊಂಡು ಅದನ್ನು ನೀವೇ ಬರೆಯಿರಿ: "ಜ್ವರದ 4ನೇ ದಿನ". ಈ ಒಂದು ಸಾಲು ಇಲ್ಲದಿದ್ದರೆ ಕೆಳಗಿನ ಯಾವ ಸಂಖ್ಯೆಗೂ ಸರಿಯಾದ ಅರ್ಥ ಬರುವುದಿಲ್ಲ.

ಯಾಕೆ ಅಂದರೆ, ಡೆಂಗಿಯಲ್ಲಿ ಜ್ವರ ಸಾಮಾನ್ಯವಾಗಿ 2ರಿಂದ 7 ದಿನ ಇರುತ್ತದೆ. ಅಪಾಯದ ಹೊತ್ತು ಬರುವುದು ಜ್ವರ ಜೋರಾಗಿದ್ದಾಗ ಅಲ್ಲ, ಜ್ವರ ಇಳಿಯುವಾಗ. ಹೆಚ್ಚಿನವರಲ್ಲಿ ಅದು 3ರಿಂದ 7ನೇ ದಿನದ ನಡುವೆ ಬರುತ್ತದೆ ಮತ್ತು 24ರಿಂದ 48 ಗಂಟೆ ಇರುತ್ತದೆ. "ಜ್ವರ ಬಿಟ್ಟಿತು, ಇನ್ನೇನು ಕೆಲಸಕ್ಕೆ ಹೋಗಬಹುದು" ಎಂದು ಮನೆಯವರು ಅಂದುಕೊಳ್ಳುವ ದಿನವೇ ಹೆಚ್ಚು ಕಣ್ಣಿಡಬೇಕಾದ ದಿನ. ಎರಡನೇ ದಿನದ ರಿಪೋರ್ಟ್ ಚೆನ್ನಾಗಿದೆ ಅಂದರೆ ಅದು ಎರಡನೇ ದಿನಕ್ಕೆ ಮಾತ್ರ ಚೆನ್ನಾಗಿದೆ.

ಕೋವಿಡ್‌ನ ಲೆಕ್ಕ ಬೇರೆ. 2020-21ರಲ್ಲಿ ಕಾಯಿಲೆ ತೀವ್ರವಾದವರಲ್ಲಿ ಉಸಿರಾಟ ಕೆಡುತ್ತಿದ್ದದ್ದು ಹೆಚ್ಚಾಗಿ ಮೊದಲ ವಾರದ ಕೊನೆ, ಎರಡನೇ ವಾರದ ಶುರುವಿನಲ್ಲಿ. ಹಾಗಾಗಿ "ಎಷ್ಟನೇ ದಿನ" ಎಂದು ಡಾಕ್ಟರು ಮೊದಲು ಕೇಳುವುದು ಸುಮ್ನೆ ಅಲ್ಲ.

2. ಯೂನಿಟ್ ನೋಡಿ, ಆಮೇಲೆ ಸಂಖ್ಯೆ ನೋಡಿ

ಎರಡು ಲ್ಯಾಬ್‌ಗಳ ರಿಪೋರ್ಟ್ ಪಕ್ಕಪಕ್ಕ ಇಟ್ಟು ಹೆದರುವವರು ಜಾಸ್ತಿ. ಒಂದರಲ್ಲಿ ಪ್ಲೇಟ್‌ಲೆಟ್ 1.2 ಎಂದು ಇರುತ್ತದೆ, ಇನ್ನೊಂದರಲ್ಲಿ 120, ಮತ್ತೊಂದರಲ್ಲಿ 1,20,000. ಮೂರೂ ಒಂದೇ. ಮೊದಲನೆಯದು ಲಕ್ಷದ ಲೆಕ್ಕ, ಎರಡನೆಯದು ಸಾವಿರದ ಲೆಕ್ಕ.

ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿಯಲ್ಲಿ ಇನ್ನೂ ಗೊಂದಲ. ಕೆಲವು ಲ್ಯಾಬ್ ಲೀಟರಿಗೆ ಮಿಲಿಗ್ರಾಂ ಎಂದು ಕೊಡುತ್ತವೆ, ಕೆಲವು ಡೆಸಿಲೀಟರಿಗೆ ಮಿಲಿಗ್ರಾಂ ಎಂದು. ಲೀಟರಿಗೆ 48 ಎಂದರೂ ಡೆಸಿಲೀಟರಿಗೆ 4.8 ಎಂದರೂ ಒಂದೇ. ಡಿ-ಡೈಮರ್ (ರಕ್ತ ಹೆಪ್ಪುಗಟ್ಟುವುದಕ್ಕೆ ಸಂಬಂಧಿಸಿದ ಪರೀಕ್ಷೆ) ಎಲ್ಲಕ್ಕಿಂತ ಕಷ್ಟ. ಅದನ್ನು ಎಫ್‌ಇಯು, ಡಿಡಿಯು ಎಂಬ ಎರಡು ಪದ್ಧತಿಗಳಲ್ಲಿ ಕೊಡುತ್ತಾರೆ. ಅದೇ ರಕ್ತಕ್ಕೆ ಎಫ್‌ಇಯು ಸಂಖ್ಯೆ ಸುಮಾರು ಎರಡು ಪಟ್ಟು ಬರುತ್ತದೆ. ಅದಕ್ಕೇ ದಿನದಿಂದ ದಿನಕ್ಕೆ ಹೋಲಿಸಬೇಕಾದಾಗ ಆದಷ್ಟು ಒಂದೇ ಲ್ಯಾಬ್‌ನಲ್ಲಿ ಮಾಡಿಸಿ.

3. ಬಿಳಿ ರಕ್ತಕಣದ ಸಾಲು

ನಮ್ಮ ಕಡೆ "ಬಿಳಿ ರಕ್ತಕಣ ಕಡಿಮೆಯಾಗಿದೆ" ಎಂದು ಪ್ಲೇಟ್‌ಲೆಟ್‌ಗೂ ಹೇಳುವುದುಂಟು. ರಿಪೋರ್ಟಿನಲ್ಲಿ ಇವು ಬೇರೆ ಬೇರೆ ಸಾಲುಗಳು. ಬಿಳಿ ರಕ್ತಕಣ ಅಂದರೆ ಟೋಟಲ್ ಕೌಂಟ್. ಸಾಮಾನ್ಯವಾಗಿ 4,000ದಿಂದ 11,000. ಡೆಂಗಿಯಲ್ಲಿ ಮೊದಲು ಇಳಿಯುವುದು ಇದೇ, ಪ್ಲೇಟ್‌ಲೆಟ್‌ಗಿಂತ ಮುಂಚೆ. ಮೂರನೇ ದಿನ 3,000 ಎಂದು ನೋಡಿ ಹೆದರಬೇಕಾಗಿಲ್ಲ. ಆದರೆ ಅದು ಒಂದು ಸೂಚನೆ: ಜ್ವರ ಇಳಿಯುವ ಹೊತ್ತು, ಅಂದರೆ ಅಪಾಯದ ಹೊತ್ತು, ಹತ್ತಿರ ಬರುತ್ತಿದೆ. ಮುಂದಿನ ಪರೀಕ್ಷೆಯನ್ನು ಮುಂದೂಡಬೇಡಿ.

ಟೋಟಲ್ ಕೌಂಟ್ ಕೆಳಗೆ ಶೇಕಡಾ ಲೆಕ್ಕದಲ್ಲಿ ನ್ಯೂಟ್ರೋಫಿಲ್, ಲಿಂಫೋಸೈಟ್ ಎಂದು ಬಿಳಿ ರಕ್ತಕಣದ ಬಗೆಗಳು ಇರುತ್ತವೆ. ಬರೀ ಶೇಕಡಾ ನೋಡಿದರೆ ಮೋಸ ಹೋಗುತ್ತೀರಿ. ಲಿಂಫೋಸೈಟ್ ಶೇ 25 ಎಂದರೆ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಆದರೆ ಟೋಟಲ್ ಕೌಂಟ್ 3,200 ಇದ್ದರೆ ನಿಜವಾದ ಲಿಂಫೋಸೈಟ್ 800 ಮಾತ್ರ. ದೊಡ್ಡವರಲ್ಲಿ ಸಾವಿರಕ್ಕಿಂತ ಕಡಿಮೆ ಎಂದರೆ ಕಡಿಮೆಯೇ. ಕೋವಿಡ್‌ನಲ್ಲಿ ಈ ಸಂಖ್ಯೆ ಇಳಿಯುತ್ತಾ ಹೋದವರಿಗೆ ಕಾಯಿಲೆ ಜೋರಾಗುವುದು ಹೆಚ್ಚು ಎಂದು ವುಹಾನ್‌ನ ಮೊದಲ ವರದಿಗಳಿಂದಲೇ ಕಾಣಿಸಿತ್ತು.

ಆಗ ಬಳಕೆಗೆ ಬಂದದ್ದು ಎನ್‌ಎಲ್‌ಆರ್ ಲೆಕ್ಕ. ನ್ಯೂಟ್ರೋಫಿಲ್ ಶೇಕಡಾವನ್ನು ಲಿಂಫೋಸೈಟ್ ಶೇಕಡಾದಿಂದ ಭಾಗಿಸಿದರೆ ಆಯಿತು. 78 ಮತ್ತು 14 ಇದ್ದರೆ 5.6. ಇದು 3, 3.5 ದಾಟಿದರೆ ಹುಷಾರಾಗಿರಿ ಎಂದು ಕೋವಿಡ್ ಕಾಲದಲ್ಲಿ ಹಲವು ಕಡೆ ಪಾಲಿಸಿದರು. ದುಡ್ಡಿಲ್ಲದೆ, ಇರುವ ಸಿಬಿಸಿಯಿಂದಲೇ (ರಕ್ತಕಣಗಳನ್ನು ಎಣಿಸುವ ಮಾಮೂಲಿ ಪರೀಕ್ಷೆ) ಸಿಗುವ ಸುಳಿವು ಎನ್ನುವುದು ಇದರ ಲಾಭ. ಆದರೆ ಎರಡು ಎಚ್ಚರಿಕೆ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರಲ್ಲಿ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿಯುತ್ತದೆ, ಕಾಯಿಲೆ ಜೋರಾಗದಿದ್ದರೂ ಎನ್‌ಎಲ್‌ಆರ್ ಏರುತ್ತದೆ. ಇನ್ನೊಂದು, ಈ ಲೆಕ್ಕವನ್ನು ಡೆಂಗಿಗೆ ತಂದು ಅಂಟಿಸಬೇಡಿ. ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತಿಗೆ ಲಿಂಫೋಸೈಟ್ ಶೇಕಡಾ ಏರುವುದೇ ಹೆಚ್ಚು. "ರಿಯಾಕ್ಟಿವ್ ಲಿಂಫೋಸೈಟ್" ಅಥವಾ "ಎಟಿಪಿಕಲ್ ಲಿಂಫೋಸೈಟ್" ಎಂದು ಬರೆದಿದ್ದರೂ ಬೆಚ್ಚಬೇಕಿಲ್ಲ. ವೈರಸ್ ಜೊತೆ ಹೋರಾಡುತ್ತಿರುವ ಕಣಗಳು ಅವು.

ಪ್ಲೇಟ್‌ಲೆಟ್ ಕಡಿಮೆ ಇದ್ದು ಟೋಟಲ್ ಕೌಂಟ್ 14,000-15,000ಕ್ಕೆ ಏರಿ ನ್ಯೂಟ್ರೋಫಿಲ್ ತುಂಬಿಕೊಂಡಿದ್ದರೆ "ಇದು ಡೆಂಗಿಯೇನಾ?" ಎಂದು ಕೇಳಲೇಬೇಕು. ಪ್ಲೇಟ್‌ಲೆಟ್ ಇಲಿಜ್ವರದಲ್ಲೂ ಇಳಿಯುತ್ತದೆ, ಮಲೇರಿಯಾದಲ್ಲೂ ಇಳಿಯುತ್ತದೆ, ಹೊಲ-ಪೊದೆಗಳ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲೂ ಇಳಿಯುತ್ತದೆ. ಈ ಮೂರಕ್ಕೂ ಸರಿಯಾದ ಔಷಧಿ ಇದೆ. ಡೆಂಗಿ ಎಂದು ಕಾದು ಕೂತರೆ ಆ ಔಷಧಿ ತಡವಾಗುತ್ತದೆ. ಕರಾವಳಿ, ಮಲೆನಾಡಿನವರು ಗದ್ದೆ, ತೋಟದಲ್ಲಿ ಕೆಲಸ ಮಾಡಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಮೈಮೇಲೆ ಎಲ್ಲಾದರೂ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆ ಇದೆಯಾ ಎಂದು ಕಂಕುಳು, ತೊಡೆಸಂದು ಸಮೇತ ನೋಡಿ. ಸ್ಕ್ರಬ್ ಟೈಫಸ್‌ನ ಗುರುತು ಅದು.

4. ಹಿಮ್ಯಾಟೊಕ್ರಿಟ್: ಯಾರೂ ನೋಡದ ಸಾಲು

ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಇದು ಇರಲಿ. ರಿಪೋರ್ಟಿನಲ್ಲಿ ಇದನ್ನು ಎಚ್‌ಸಿಟಿ ಅಥವಾ ಪಿಸಿವಿ ಎಂದು ಬರೆದಿರುತ್ತಾರೆ. ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡಾ ಎಷ್ಟು ಎನ್ನುವ ಲೆಕ್ಕ.

ತೀವ್ರ ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ರಕ್ತಸ್ರಾವ ಅಲ್ಲ. ರೋಗನಿರೋಧಕ ಕಣಗಳು ಸುರಿಸುವ ರಾಸಾಯನಿಕಗಳಿಂದ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ವೈರಸ್‌ನದೇ ಎನ್‌ಎಸ್1 ಎಂಬ ಪ್ರೋಟೀನ್ ಕೂಡ ಆ ಗೋಡೆಯನ್ನು ಸಡಿಲ ಮಾಡುತ್ತದೆ ಎಂದು 2015ರ ಸಂಶೋಧನೆಗಳು ತೋರಿಸಿದವು. ಆಗ ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಹೊಟ್ಟೆಗೆ, ಪುಪ್ಪುಸದ ಸುತ್ತ ಸೋರಿಹೋಗುತ್ತದೆ. ಒಳಗೆ ಉಳಿದ ರಕ್ತ, ಒಲೆಯ ಮೇಲೆ ಮರೆತ ಸಾರಿನಂತೆ, ಗಟ್ಟಿಯಾಗುತ್ತದೆ. ಎಚ್‌ಸಿಟಿ ಏರುತ್ತದೆ. ಸೋರಿಕೆ ಜೋರಾದರೆ ಬಿಪಿ ಬಿದ್ದು ಶಾಕ್ ಆಗುತ್ತದೆ, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪುವುದಿಲ್ಲ.

ಲೆಕ್ಕ ಹೀಗೆ: ರೋಗಿಯ ಮಾಮೂಲಿ ಎಚ್‌ಸಿಟಿಗಿಂತ ಶೇ 20 ಏರಿದರೆ ಪ್ಲಾಸ್ಮಾ ಸೋರುತ್ತಿದೆ ಎಂದು ತಿಳಿಯಬೇಕು. ಶೇ 20 ಆಗುವವರೆಗೆ ಕಾಯಬೇಕು ಎಂದಲ್ಲ. ಏರುತ್ತಿದೆ, ಜೊತೆಗೆ ಪ್ಲೇಟ್‌ಲೆಟ್ ಸರ್ರನೆ ಇಳಿಯುತ್ತಿದೆ ಎಂದರೆ ಅದನ್ನೇ ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಅಪಾಯದ ಗುರುತುಗಳ ಪಟ್ಟಿಗೆ ಸೇರಿಸಿದೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಇದು ಕಲ್ಪಿಸಿಕೊಂಡ ರಿಪೋರ್ಟ್, ಆದರೆ ಡೆಂಗಿ ವಾರ್ಡಿನಲ್ಲಿ ಇಂಥದ್ದು ಮಾಮೂಲಿ.

3ನೇ ದಿನ: ಜ್ವರ 103. ಟೋಟಲ್ ಕೌಂಟ್ 3,100, ಪ್ಲೇಟ್‌ಲೆಟ್ 1,42,000, ಎಚ್‌ಸಿಟಿ 38.
4ನೇ ದಿನ: ಜ್ವರ 101. ಟೋಟಲ್ ಕೌಂಟ್ 2,600, ಪ್ಲೇಟ್‌ಲೆಟ್ 96,000, ಎಚ್‌ಸಿಟಿ 41.
5ನೇ ದಿನ: ಜ್ವರ ಇಲ್ಲ. ಪ್ಲೇಟ್‌ಲೆಟ್ 48,000, ಎಚ್‌ಸಿಟಿ 46.5. ಹೊಟ್ಟೆನೋವು, ವಾಂತಿ.
6ನೇ ದಿನ: ಡ್ರಿಪ್ ನಡೆಯುತ್ತಿದೆ. ಪ್ಲೇಟ್‌ಲೆಟ್ 32,000, ಎಚ್‌ಸಿಟಿ 41.
8ನೇ ದಿನ: ಪ್ಲೇಟ್‌ಲೆಟ್ 78,000, ಎಚ್‌ಸಿಟಿ 37.

ಮನೆಯವರ ಪ್ರಕಾರ ಇಲ್ಲಿ ಕೆಟ್ಟ ದಿನ ಆರನೆಯದು, ಪ್ಲೇಟ್‌ಲೆಟ್ 32,000ಕ್ಕೆ ಬಂದದ್ದು. ಡಾಕ್ಟರ ಪ್ರಕಾರ ಕೆಟ್ಟ ದಿನ ಐದನೆಯದು. ಅಂದು ಎಚ್‌ಸಿಟಿ 38ರಿಂದ 46.5ಕ್ಕೆ, ಅಂದರೆ ಶೇ 22ರಷ್ಟು ಏರಿತ್ತು. ಜ್ವರವೂ ಇರಲಿಲ್ಲವಾದ್ದರಿಂದ ಮನೆಯಲ್ಲೇ ಇಟ್ಟುಕೊಳ್ಳುವ ಸಾಧ್ಯತೆ ಹೆಚ್ಚಿತ್ತು. ಆರನೇ ದಿನ ಪ್ಲೇಟ್‌ಲೆಟ್ ಇನ್ನೂ ಇಳಿದರೂ ಎಚ್‌ಸಿಟಿ ಕೆಳಗೆ ಬಂದಿದೆ. ರೋಗಿ ಲವಲವಿಕೆಯಿಂದಿದ್ದು ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ಗಂಡಾಂತರ ಕಳೆಯುತ್ತಿದೆ ಎಂದೇ ಅರ್ಥ.

ಆದರೆ ಇಳಿಯುವ ಎಚ್‌ಸಿಟಿ ಎಲ್ಲ ಸಲವೂ ಒಳ್ಳೆಯದಲ್ಲ. ಎಚ್‌ಸಿಟಿ ಇಳಿದಿದೆ, ಆದರೆ ನಾಡಿ ಓಡುತ್ತಿದೆ, ಕೈಕಾಲು ತಣ್ಣಗಿದೆ, ಮಲ ಟಾರಿನಂತೆ ಕಪ್ಪಾಗಿದೆ ಎಂದರೆ ಒಳಗೆಲ್ಲೋ ರಕ್ತ ಸುರಿಯುತ್ತಿರಬಹುದು. ಸಂಖ್ಯೆಯ ಜೊತೆ ರೋಗಿಯ ಮುಖವನ್ನೂ ನೋಡಿ ಎನ್ನುವುದು ಇದಕ್ಕೇ.

ಇನ್ನೊಂದು ಸೂಕ್ಷ್ಮ. ಲ್ಯಾಬ್‌ನ ಪ್ರಿಂಟರ್ ತನ್ನ ಗಡಿ ದಾಟಿದ ಸಂಖ್ಯೆಯನ್ನು ಮಾತ್ರ ದಪ್ಪ ಅಕ್ಷರದಲ್ಲಿ ತೋರಿಸುತ್ತದೆ. ನಮ್ಮಲ್ಲಿ ರಕ್ತಹೀನತೆ ಇರುವ ಹೆಂಗಸರು ಎಷ್ಟು ಜನ! ಹಿಮೋಗ್ಲೋಬಿನ್ 10 ಇರುವವರ ಎಚ್‌ಸಿಟಿ ಸುಮಾರು 30 ಇರುತ್ತದೆ. ಅವರಿಗೆ ಡೆಂಗಿಯಲ್ಲಿ ಅದು 37 ಆದರೆ ಶೇ 23 ಏರಿದೆ ಎಂದಾಯಿತು. ಆದರೆ 37 ಹೆಂಗಸರ ಮಾಮೂಲಿ ಗಡಿಯ ಒಳಗೇ ಬರುವುದರಿಂದ ರಿಪೋರ್ಟ್ ಏನನ್ನೂ ದಪ್ಪ ಮಾಡುವುದಿಲ್ಲ. "ನಾರ್ಮಲ್ ಇದೆ" ಎಂದು ಸುಮ್ಮನಾಗುತ್ತೇವೆ. ಹಾಗಾಗಿ ಹಳೆಯ ರಿಪೋರ್ಟ್ ಹುಡುಕಿ. ತಾಯಿ ಕಾರ್ಡಿನಲ್ಲಿ, ರಕ್ತದಾನದ ಚೀಟಿಯಲ್ಲಿ, ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಹಿಮೋಗ್ಲೋಬಿನ್ ಸಿಕ್ಕರೂ ಸಾಕು. ಅದನ್ನು 3ರಿಂದ ಗುಣಿಸಿದರೆ ಹಳೆಯ ಎಚ್‌ಸಿಟಿ ಹೆಚ್ಚುಕಡಿಮೆ ಸಿಗುತ್ತದೆ. ಏನೂ ಸಿಗದಿದ್ದರೆ ಜ್ವರದ ಮೊದಲ ಮೂರು ದಿನದೊಳಗೆ ಮಾಡಿಸಿದ ಸಿಬಿಸಿಯೇ ಅಳತೆಗೋಲು. ಈ ಕಾರಣಕ್ಕೇ ಮೊದಲ ಸಿಬಿಸಿ ಬೇಗ ಮಾಡಿಸುವುದು ಒಳ್ಳೆಯದು.

5. ಪ್ಲೇಟ್‌ಲೆಟ್: ಯಾವಾಗ ಚಿಂತೆ, ಯಾವಾಗ ಬೇಡ

ಒಮ್ಮೆಲೇ ಪ್ಲೇಟ್‌ಲೆಟ್ 20,000 ಎಂದು ಬಂದು ರೋಗಿ ಮಾತ್ರ ಆರಾಮಾಗಿ ಕೂತಿದ್ದರೆ, ಮೊದಲು "ಸ್ಮಿಯರ್ ನೋಡಿದ್ದೀರಾ?" ಎಂದು ಲ್ಯಾಬ್‌ನವರನ್ನು ಕೇಳಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಕೆಲವರ ರಕ್ತದಲ್ಲಿ ಅದರಿಂದ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ. ಮಷೀನು ಗುಂಪನ್ನು ಬಿಡಿ ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ. ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೊತ್ತಾಗುತ್ತದೆ.

ನಿಜವಾಗಿ ಇಳಿದಿದ್ದರೂ ಕೂಡಲೇ ಪ್ಲೇಟ್‌ಲೆಟ್ ಏರಿಸಬೇಕು ಎಂದೇನಿಲ್ಲ. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ, 20,000ಕ್ಕಿಂತ ಮೇಲೇರದ ಪ್ಲೇಟ್‌ಲೆಟ್ ಇದ್ದ ಆದರೆ ರಕ್ತಸ್ರಾವ ಇಲ್ಲದ ವಯಸ್ಕರನ್ನು ಎರಡು ಗುಂಪು ಮಾಡಿ ನೋಡಿದರು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಕೊಟ್ಟವರಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಜಾಸ್ತಿಯಾಯಿತು. ರಕ್ತಸ್ರಾವ ಇದ್ದರೆ ಅಥವಾ ಸಂಖ್ಯೆ 10,000ದ ಆಸುಪಾಸಿಗೆ ಇಳಿದರೆ ಡಾಕ್ಟರು ಯೋಚಿಸುತ್ತಾರೆ. "40,000 ಆಗಿದೆ, ದಾನಿಗಳು ಬೇಕು" ಎಂದು ಗ್ರೂಪುಗಳಲ್ಲಿ ಓಡಾಡುವ ಮೆಸೇಜುಗಳಲ್ಲಿ ಬಹಳಷ್ಟು ಅನಗತ್ಯ ಎಂದೇ ನನ್ನ ಅನಿಸಿಕೆ.

ಪಪ್ಪಾಯಿ ಎಲೆ ರಸದ ವಿಷಯವೂ ಬರುತ್ತದೆ, ಅಲ್ವಾ? ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರುತ್ತದೆ ಎನ್ನುವ ಸಣ್ಣಪುಟ್ಟ ಅಧ್ಯಯನಗಳಿವೆ. ಪ್ಲಾಸ್ಮಾ ಸೋರಿಕೆಯನ್ನು ಅದು ತಡೆಯುತ್ತದೆ ಎಂದು ಯಾರೂ ತೋರಿಸಿಲ್ಲ. ಮೊದಲೇ ವಾಂತಿಯಾಗುತ್ತಿರುವವರಿಗೆ ಆ ಕಹಿ ಕುಡಿಸಿ ಒಳಗಿನ ಓಆರ್‌ಎಸ್ ಕೂಡ ಹೊರಗೆ ಬರುವಂತೆ ಮಾಡುವುದು ನಷ್ಟದ ವ್ಯಾಪಾರ. ಕಿವಿ ಹಣ್ಣಿಗೆ ದುಡ್ಡು ಸುರಿಯುವ ಬದಲು ಎಳನೀರು, ಗಂಜಿ, ಮಜ್ಜಿಗೆ, ಓಆರ್‌ಎಸ್ ಕೊಡಿ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ. ಪ್ಯಾರಾಸಿಟಮಾಲ್ ಮಾತ್ರ, ಅದೂ ಡಾಕ್ಟರು ಹೇಳಿದಷ್ಟೇ. "ಒಂದು ಇಂಜೆಕ್ಷನ್ ಹಾಕಿಬಿಡಿ ಸಾರ್" ಎಂದು ಹಟ ಹಿಡಿಯಬೇಡಿ, ಪ್ಲೇಟ್‌ಲೆಟ್ ಕಡಿಮೆ ಇರುವಾಗ ಸ್ನಾಯುವಿಗೆ ಚುಚ್ಚಿದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ಊದಿಕೊಳ್ಳುತ್ತದೆ. ಹೃದಯದ ತೊಂದರೆಗೆ ಮೊದಲಿಂದ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ತಾವೇ ನಿಲ್ಲಿಸಬಾರದು. ಅದೇ ದಿನ ಡಾಕ್ಟರನ್ನು ಕೇಳಬೇಕು.

6. ರಿಪೋರ್ಟಿನಲ್ಲಿ ಇಲ್ಲದ ಗುರುತುಗಳು

ಕೆಳಗಿನದರಲ್ಲಿ ಒಂದು ಕಂಡರೂ ಸಂಖ್ಯೆ ಎಷ್ಟೇ ಚೆನ್ನಾಗಿರಲಿ, ಹೊರಡಿ: ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ತೀರಾ ಮಂಕಾಗುವುದು ಅಥವಾ ಚಡಪಡಿಸುವುದು, ಉಸಿರಾಡಲು ಕಷ್ಟ, ಕೈಕಾಲು ತಣ್ಣಗಾಗುವುದು, ಆರು ತಾಸು ಕಳೆದರೂ ಮೂತ್ರ ಹೋಗದಿರುವುದು.

ಮನೆಯಲ್ಲಿ ಬಿಪಿ ಮಷೀನ್ ಇದ್ದರೆ ಮೇಲಿನ ಮತ್ತು ಕೆಳಗಿನ ಸಂಖ್ಯೆಗಳ ನಡುವಿನ ಅಂತರ ನೋಡಿ. 100/84 ಎಂದು ಬಂದರೆ "ನೂರಿದೆ, ಪರವಾಗಿಲ್ಲ" ಅನ್ನಿಸಬಹುದು. ಆದರೆ ಅಂತರ 16 ಮಾತ್ರ. 20 ಅಥವಾ ಅದಕ್ಕಿಂತ ಕಡಿಮೆ ಅಂತರ ಡೆಂಗಿ ಶಾಕ್‌ನ ಗುರುತು. ಮೇಲಿನ ಬಿಪಿ ಬೀಳುವ ಮೊದಲೇ ಇದು ಕಾಣಿಸಿಕೊಳ್ಳುತ್ತದೆ.

ಗರ್ಭಿಣಿಯರು, ಎಳೆಯ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಗುರುತು ಕಾಣುವವರೆಗೆ ಕಾಯದೆ ಮೊದಲೇ ತೋರಿಸಿಕೊಳ್ಳಬೇಕು.

7. ಎನ್‌ಎಸ್1, ಐಜಿಎಂ, ಐಜಿಜಿ

ಎನ್‌ಎಸ್1 ಅಂದರೆ ವೈರಸ್‌ನ ತುಣುಕು. ಮೊದಲ ನಾಲ್ಕೈದು ದಿನ ಸಿಗುತ್ತದೆ. ಐಜಿಎಂ ನಮ್ಮ ದೇಹ ಹೊಸದಾಗಿ ತಯಾರಿಸುವ ಪ್ರತಿಕಾಯ, ನಾಲ್ಕೈದನೇ ದಿನದ ನಂತರ ಕಾಣಿಸುತ್ತದೆ. ಎರಡನೇ ದಿನ ಐಜಿಎಂ ನೆಗೆಟಿವ್ ಬಂದರೆ ಡೆಂಗಿ ಇಲ್ಲ ಎಂದಲ್ಲ. ಕರ್ನಾಟಕದಲ್ಲಿ 2024ರ ಜುಲೈನಲ್ಲಿ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೂ ದರ ನಿಗದಿ ಮಾಡಿತು: ಎಲಿಸಾ ಎನ್‌ಎಸ್1ಗೆ 300 ರೂಪಾಯಿ, ಎಲಿಸಾ ಐಜಿಎಂಗೆ 300, ರ‍್ಯಾಪಿಡ್ ಕಾರ್ಡಿಗೆ 250. ಕೂಡಲೇ ಫಲಿತಾಂಶ ಕೊಡುವ ಕಾರ್ಡಿಗಿಂತ ಲ್ಯಾಬ್ ಮಷೀನಿನಲ್ಲಿ ಮಾಡುವ ಎಲಿಸಾ ಹೆಚ್ಚು ನಂಬಿಕೆಗೆ ತಕ್ಕದ್ದು.

ಮುಂದೇನಾಗಬಹುದು ಎನ್ನುವ ಸುಳಿವು ಇರುವುದು ಐಜಿಜಿಯಲ್ಲಿ, ಅಂದರೆ ಸೋಂಕು ಹೋದ ಮೇಲೂ ಬಹುಕಾಲ ಉಳಿಯುವ ಪ್ರತಿಕಾಯದಲ್ಲಿ. ಜ್ವರದ ಮೂರು-ನಾಲ್ಕನೇ ದಿನವೇ ಐಜಿಜಿ ಪಾಸಿಟಿವ್ ಬಂದರೆ ಇದು ಎರಡನೇ ಸಲದ ಡೆಂಗಿ ಇರಬಹುದು. ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಆ ಬಗೆಯ ವಿರುದ್ಧ ರಕ್ಷಣೆ ಸಿಗುತ್ತದೆ. ಮುಂದೆ ಬೇರೆ ಬಗೆ ಬಂದಾಗ ಹಳೆಯ ಪ್ರತಿಕಾಯಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಆದರೆ ಕೊಲ್ಲುವುದಿಲ್ಲ. ಬದಲಿಗೆ ಕೆಲವು ಬಿಳಿ ರಕ್ತಕಣಗಳ ಒಳಗೆ ವೈರಸ್ ನುಗ್ಗಲು ದಾರಿ ಮಾಡಿಕೊಡುತ್ತವೆ. ಬ್ಯಾಂಕಾಕ್‌ನ ಮಕ್ಕಳ ಮೇಲೆ ಕೆಲಸ ಮಾಡಿದ ಅಮೆರಿಕದ ವಿಜ್ಞಾನಿ ಸ್ಕಾಟ್ ಹ್ಯಾಲ್‌ಸ್ಟೆಡ್ 1960-70ರ ದಶಕದಲ್ಲಿ ಈ ವಾದ ಮುಂದಿಟ್ಟರು, ದಶಕಗಳ ಕಾಲ ಜಗಳ ನಡೆಯಿತು. 2017ರಲ್ಲಿ ನಿಕರಾಗುವಾದ ಮಕ್ಕಳ ಅಧ್ಯಯನ ಅದಕ್ಕೆ ಗಟ್ಟಿ ಪುರಾವೆ ಕೊಟ್ಟಿತು: ಪ್ರತಿಕಾಯ ತುಂಬ ಇದ್ದರೆ ರಕ್ಷಣೆ, ಇಲ್ಲದಿದ್ದರೂ ಅಪಾಯ ಕಡಿಮೆ, ನಡುವಿನ ಒಂದು ಮಟ್ಟದಲ್ಲಿದ್ದವರಿಗೇ ತೀವ್ರ ಡೆಂಗಿಯ ಅಪಾಯ ಏಳು ಪಟ್ಟಿಗೂ ಹೆಚ್ಚು.

ತಾಯಿಯಿಂದ ಬಂದ ಪ್ರತಿಕಾಯ ಕರಗುತ್ತಾ ಬರುವ ಆರೇಳು ತಿಂಗಳ ಕೂಸುಗಳಿಗೂ ಇದೇ ಕಾರಣಕ್ಕೆ ಮೊದಲ ಡೆಂಗಿಯೇ ಜೋರಾಗಬಹುದು. ಹಾಗಂತ ಎರಡನೇ ಡೆಂಗಿ ಎಲ್ಲರಿಗೂ ವಿಪರೀತ ಆಗುವುದಿಲ್ಲ, ಹೆಚ್ಚಿನವರು ಹುಷಾರಾಗುತ್ತಾರೆ. "ಹಿಂದೆ ಡೆಂಗಿ ಬಂದಿತ್ತಾ?" ಎಂದು ಡಾಕ್ಟರು ಕೇಳಿದಾಗ ನೆನಪು ಮಾಡಿಕೊಂಡು ಹೇಳಿ, ಅಷ್ಟೇ.

8. ಸಿಆರ್‌ಪಿ, ಫೆರಿಟಿನ್, ಡಿ-ಡೈಮರ್, ಐಎಲ್-6

ಕೋವಿಡ್ ಕಾಲದಲ್ಲಿ ಈ ಹೆಸರುಗಳು ನಮಗೆಲ್ಲ ಬಾಯಿಪಾಠ ಆದವು. ಪ್ಯಾಕೇಜ್ ಮಾಡಿ ಮಾರಿದವರೂ ಇದ್ದರು.

ಸಿಆರ್‌ಪಿಯನ್ನು ಲಿವರ್ ತಯಾರಿಸುತ್ತದೆ. ಐಎಲ್-6 ಎಂಬ ಸಂದೇಶ ಬಂದಾಗ ಅದು ಏರುತ್ತದೆ. ಅಂದರೆ ದುಬಾರಿ ಐಎಲ್-6 ಪರೀಕ್ಷೆ ಹೇಳುವುದರಲ್ಲಿ ಬಹುಪಾಲನ್ನು ಅಗ್ಗದ ಸಿಆರ್‌ಪಿ ಹೇಳಿಬಿಡುತ್ತದೆ. ಸಾಮಾನ್ಯ ವೈರಲ್ ಜ್ವರದಲ್ಲಿ ಸಿಆರ್‌ಪಿ ಅಷ್ಟಾಗಿ ಏರುವುದಿಲ್ಲ, ಬ್ಯಾಕ್ಟೀರಿಯಾ ಸೋಂಕಿನಲ್ಲಿ ಏರುತ್ತದೆ. ತೀವ್ರ ಕೋವಿಡ್ ಈ ನಿಯಮ ಮುರಿಯಿತು. ಬ್ರಿಟನ್‌ನ "ರಿಕವರಿ" ಎಂಬ ಔಷಧ ಪ್ರಯೋಗದಲ್ಲಿ, ಐಎಲ್-6ನ ಕೆಲಸ ತಡೆಯುವ ಟೊಸಿಲಿಜುಮ್ಯಾಬ್ ಔಷಧಿಗೆ ರೋಗಿಗಳನ್ನು ಆರಿಸಿದ್ದೇ ಹೀಗೆ: ಆಕ್ಸಿಜನ್ ಕಡಿಮೆ ಇರಬೇಕು, ಜೊತೆಗೆ ಸಿಆರ್‌ಪಿ ಲೀಟರಿಗೆ 75 ಮಿಲಿಗ್ರಾಂ ಅಥವಾ ಹೆಚ್ಚು ಇರಬೇಕು.

ಆ "ಜೊತೆಗೆ" ಮುಖ್ಯ. ಅದೇ ಪ್ರಯೋಗ 2020ರ ಜೂನ್‌ನಲ್ಲಿ, ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಸುಮಾರು ಮೂರನೇ ಒಂದರಷ್ಟು ಇಳಿಸಿತು ಎಂದು ತೋರಿಸಿತು. ಆಕ್ಸಿಜನ್ ಬೇಕಾಗದವರಿಗೆ ಅದರಿಂದ ಲಾಭವೇ ಆಗಲಿಲ್ಲ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸಿಆರ್‌ಪಿ ಏರಿತೆಂದು ಮೂರನೇ ದಿನವೇ ಸ್ಟೀರಾಯ್ಡ್ ಶುರುವಾಯಿತು. ಸಕ್ಕರೆ ಕಾಯಿಲೆಯ ಜೊತೆ ಸ್ಟೀರಾಯ್ಡ್ ಸೇರಿ 2021ರಲ್ಲಿ ಕಪ್ಪು ಶಿಲೀಂಧ್ರ ಏನು ಮಾಡಿತು ಎನ್ನುವುದು ಎಲ್ಲರಿಗೂ ನೆನಪಿದೆ. ರಕ್ತದ ಸೂಚಕ ಎಂದರೆ ಔಷಧಿ ಚೀಟಿ ಅಲ್ಲ. ಕೋವಿಡ್‌ನಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇವೆಲ್ಲದಕ್ಕಿಂತ ಮೊದಲು ನೋಡಬೇಕಾದದ್ದು.

ಡಿ-ಡೈಮರ್ ರಕ್ತ ಹೆಪ್ಪುಗಟ್ಟಿ ಕರಗುವುದರ ಗುರುತು. ವುಹಾನ್‌ನ 191 ರೋಗಿಗಳ ಅಧ್ಯಯನದಲ್ಲಿ, ದಾಖಲಾಗುವಾಗ ಅದು ಮಿಲಿಲೀಟರಿಗೆ 1 ಮೈಕ್ರೋಗ್ರಾಂ ದಾಟಿದ್ದವರಲ್ಲಿ ಸಾವು ಹೆಚ್ಚಿತ್ತು. ಆದರೆ ಗರ್ಭಿಣಿಯರಲ್ಲಿ, ವಯಸ್ಸಾದವರಲ್ಲಿ, ಆಪರೇಷನ್ ಆದವರಲ್ಲಿ ಅದು ಸುಮ್ನೆ ಏರಿರುತ್ತದೆ. ಮನೆಯಲ್ಲಿರುವ ಸಾದಾ ಜ್ವರದ ರೋಗಿಗೆ ಡಿ-ಡೈಮರ್, ಐಎಲ್-6 ಮಾಡಿಸುವುದು ದುಡ್ಡು ಕೊಟ್ಟು ಚಿಂತೆ ಕೊಂಡಂತೆ.

ದೇಹದಲ್ಲಿ ಕಬ್ಬಿಣಾಂಶ ಕೂಡಿಡುವ ಪ್ರೋಟೀನ್ ಫೆರಿಟಿನ್ ಡೆಂಗಿಯಲ್ಲೂ ಏರುತ್ತದೆ, ತೀವ್ರ ಡೆಂಗಿಯಲ್ಲಿ ಜಾಸ್ತಿ. ಇದನ್ನು ಕೇಳಬೇಕಾದ ಒಂದು ಸಂದರ್ಭ ಇದೆ. ಏಳೆಂಟು ದಿನ ಕಳೆದರೂ ಜ್ವರ ಬಿಡುತ್ತಿಲ್ಲ, ಎಲ್ಲ ಬಗೆಯ ರಕ್ತಕಣಗಳೂ ಇಳಿಯುತ್ತಿವೆ, ಗುಲ್ಮ (ಸ್ಪ್ಲೀನ್) ಊದಿದೆ ಎಂದರೆ ಫೆರಿಟಿನ್ ನೋಡಲೇಬೇಕು. ಅದು ಹತ್ತು ಸಾವಿರದ ಆಚೆ ಹೋಗಿದ್ದರೆ ರೋಗನಿರೋಧಕ ಕಣಗಳು ಹತೋಟಿ ತಪ್ಪಿ ಸ್ವಂತ ರಕ್ತಕಣಗಳನ್ನೇ ನುಂಗುವ ಎಚ್‌ಎಲ್‌ಎಚ್ ಎಂಬ ಸ್ಥಿತಿ ಇರಬಹುದು. ಅಪರೂಪದ್ದು, ಆದರೆ ಬೇಗ ಹಿಡಿದರೆ ಚಿಕಿತ್ಸೆ ಇದೆ.

ಲಿವರ್‌ನ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಡೆಂಗಿಯಲ್ಲಿ ಏರುತ್ತವೆ, ಎಸ್‌ಜಿಒಟಿ ಸ್ವಲ್ಪ ಹೆಚ್ಚೇ ಏರುತ್ತದೆ. ನೂರು, ಇನ್ನೂರು ಮಾಮೂಲಿ. ಸಾವಿರ ಮುಟ್ಟಿದರೆ ತೀವ್ರ ಡೆಂಗಿ ಎಂದೇ ಪರಿಗಣಿಸುತ್ತಾರೆ.

ಇನ್ನೂ ಸಂಶೋಧನೆಯ ಮಟ್ಟದಲ್ಲಿರುವುದೂ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ರಕ್ತದಲ್ಲಿನ 8 ಜೀನ್‌ಗಳ ಚಟುವಟಿಕೆ ನೋಡಿ ಯಾರಿಗೆ ತೀವ್ರ ಡೆಂಗಿ ಆಗಬಹುದು ಎಂದು ಮೊದಲೇ ಊಹಿಸುವ ಲೆಕ್ಕ ಸಿದ್ಧಪಡಿಸಿದೆ. 2020ರಲ್ಲಿ ಬಂದ ಇನ್ನೊಂದು ಸಂಶೋಧನೆಯ ಪ್ರಕಾರ, ಜೀವಕ್ಕೆ ಅಪಾಯವಾಗುವಷ್ಟು ಕೋವಿಡ್ ಆದವರಲ್ಲಿ ಕನಿಷ್ಠ ಶೇ 10ರಷ್ಟು ಜನರ ರಕ್ತದಲ್ಲಿ, ವೈರಸ್ ತಡೆಯುವ ಇಂಟರ್‌ಫೆರಾನನ್ನೇ ಹೊಡೆದುಹಾಕುವ ಪ್ರತಿಕಾಯಗಳಿದ್ದವು. ಇವು ಬೀದಿ ಕೊನೆಯ ಲ್ಯಾಬಿನಲ್ಲಿ ಸಿಗುವ ಪರೀಕ್ಷೆಗಳಲ್ಲ.

9. ಮಲೆನಾಡಿನವರಿಗೆ ಒಂದು ಮಾತು

ಡಿಸೆಂಬರ್‌ನಿಂದ ಮೇವರೆಗೆ ಜ್ವರ ಬಂದು ಟೋಟಲ್ ಕೌಂಟ್, ಪ್ಲೇಟ್‌ಲೆಟ್ ಎರಡೂ ಇಳಿದು ಲಿವರ್ ಸಂಖ್ಯೆ ಏರಿದ್ದರೆ ಅದು ಡೆಂಗಿಯಂತೆಯೇ ಕಾಣುತ್ತದೆ. ಆದರೆ ಕಾಡಿಗೆ ಸೊಪ್ಪು, ದರಗು, ಸೌದೆ ತರಲು ಹೋಗಿದ್ದರೆ, ಉಣುಗು ಕಚ್ಚಿದ್ದರೆ, ಸುತ್ತಮುತ್ತ ಮಂಗ ಸತ್ತಿದ್ದರೆ ಮಂಗನ ಕಾಯಿಲೆಯ ಪರೀಕ್ಷೆ ಮಾಡಿಸಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಿದ್ದು. ಮೊದಲ ವಾರದಲ್ಲಿ ಆರ್‌ಟಿ-ಪಿಸಿಆರ್, ಆಮೇಲೆ ಐಜಿಎಂ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೇಳಿದರೆ ಮಾದರಿ ಕಳಿಸುವ ವ್ಯವಸ್ಥೆ ಇದೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬರುತ್ತದೆ. ಆಗ ತಲೆನೋವು, ಕತ್ತು ಬಿಗಿಯುವುದು, ಗೊಂದಲ ಕಂಡರೆ ತಡಮಾಡಬೇಡಿ.

10. ಡಾಕ್ಟರ ಮುಂದೆ ಕೂತಾಗ

ಹತ್ತು ಪಿಡಿಎಫ್ ತೋರಿಸುತ್ತಾ ಫೋನ್ ಉಜ್ಜುವ ಬದಲು ಒಂದು ಹಾಳೆ ಸಿದ್ಧ ಮಾಡಿ. ಐದು ಕಾಲಂ ಸಾಕು: ಜ್ವರದ ದಿನ, ಟೋಟಲ್ ಕೌಂಟ್, ಪ್ಲೇಟ್‌ಲೆಟ್, ಎಚ್‌ಸಿಟಿ, ಮೂತ್ರ ಎಷ್ಟು ಸಲ. ಮೇಲೆ ಹಳೆಯ ಹಿಮೋಗ್ಲೋಬಿನ್, ತೆಗೆದುಕೊಂಡ ಮಾತ್ರೆಗಳು, ಹಿಂದೆ ಡೆಂಗಿ ಬಂದಿದ್ದರೆ ಯಾವ ವರ್ಷ. ಆಮೇಲೆ "ಪ್ಲೇಟ್‌ಲೆಟ್ ಎಷ್ಟಾದರೆ ಅಡ್ಮಿಟ್?" ಎಂದು ಕೇಳುವ ಬದಲು "ಎಚ್‌ಸಿಟಿ ಏರುತ್ತಿದೆಯಾ? ಮುಂದಿನ ಸಿಬಿಸಿ ಎಷ್ಟು ಹೊತ್ತಿಗೆ?" ಎಂದು ಕೇಳಿ.

ಮನೆಗೆ ಕಳಿಸುವ ಲೆಕ್ಕವೂ ಪ್ಲೇಟ್‌ಲೆಟ್ ಒಂದರ ಮೇಲೆ ನಿಂತಿಲ್ಲ. ಪ್ಯಾರಾಸಿಟಮಾಲ್ ಇಲ್ಲದೆ ಕನಿಷ್ಠ 24ರಿಂದ 48 ಗಂಟೆ ಜ್ವರ ಇರಬಾರದು, ಹಸಿವು ಬಂದಿರಬೇಕು, ಮೂತ್ರ ಸಲೀಸಾಗಿರಬೇಕು, ಡ್ರಿಪ್ ತೆಗೆದ ಮೇಲೂ ಎಚ್‌ಸಿಟಿ ಒಂದೇ ಮಟ್ಟದಲ್ಲಿರಬೇಕು, ಪ್ಲೇಟ್‌ಲೆಟ್ 50,000 ದಾಟಿ ಏರುಮುಖವಾಗಿರಬೇಕು. ಒಂದೂವರೆ ಲಕ್ಷ ಆಗುವವರೆಗೆ ಹಾಸಿಗೆ ಹಿಡಿದು ಬಿಲ್ ಬೆಳೆಸಬೇಕಾಗಿಲ್ಲ. ಮನೆಗೆ ಬಂದ ಮೇಲೆ ಡಾಕ್ಟರು ಹೇಳಿದ ದಿನ ಇನ್ನೊಂದು ಸಿಬಿಸಿ ಮಾಡಿಸಿ. ಚೇತರಿಸುವಾಗ ಅಂಗೈ, ಅಂಗಾಲು ತುರಿಸುವುದು, ಮೈ ಕೆಂಪಾಗಿ ನಡುನಡುವೆ ಬಿಳಿ ಚುಕ್ಕೆ ಬಿಡುವುದು ಉಂಟು. ಅದಕ್ಕೆ ಮತ್ತೆ ರಕ್ತ ಪರೀಕ್ಷೆ ಬೇಕಾಗಿಲ್ಲ.